ಹಾಕಿದ ಹಿಂಡಿಯಲ್ಲಿ ಮೀನಿಗೆ ಮೈಗೂಡುವದೆಷ್ಟು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಜಮೀನುದಾರರಿಗೆ ಹಿಂಡಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡುವ ಕಾರಣವಿಲ್ಲ. ದುಡಿಯುವ ಎತ್ತಿಗೆ ಯಾವ ಹಿಂಡಿ, ಹಾಲು ಕರೆಯುವ ಎಮ್ಮೆಗೆ ಯಾವ ಹಿಂಡಿ, ಅದನ್ನು ಎಷ್ಟು ಹೊತ್ತು ನೆನೆಯಿಡಬೇಕು, ಹತ್ತಿಕಾಳನ್ನು ಎಷ್ಟು ಹಾಕಿದರೆ ಬೆಣ್ಣೆ ಗಟ್ಟಿಯಾಗುವದು ಎಂಬಿವೇ ಮುಂತಾದ ಸಂಗತಿಗಳು ಇಲ್ಲಿಯ ಮನೆಮನೆಯ ಹಿರಿಯರಿಗೂ ಹೆಣ್ಣುಮಕ್ಕಳಿಗೂ ತಿಳಿದವೇ ಆಗಿವೆ. ಆದರೆ ಅದೇ ಹಿಂಡಿಯನ್ನು ಕೆರೆಯ ಮೀನಿಗೆ ಹಾಕುವಾಗ ಈ ಅನುಭವವು ಪೂರ್ತಿ ಉಪಯೋಗಕ್ಕೆ ಬರುವದಿಲ್ಲ. ಕೆಲವು ಸಲ ಅದೇ ದಾರಿ ತಪ್ಪಿಸುವದೂ ಉಂಟು.

ಪಂಚಾಯತಿಯ ಕೆರೆಯನ್ನು ಗುತ್ತಿಗೆ ಹಿಡಿದವರೂ, ೨೦೧೪ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯ ಮೇರೆಗೆ ಹೊಲದಲ್ಲಿ ಹೊಂಡ ತೋಡಿಸಿದವರೂ, ಮಲಪ್ರಭೆಯ ಕಾಲುವೆಯ ಇಲ್ಲವೆ ಬಾವಿಯ ನೀರಿನಿಂದ ಕೊಳ ತುಂಬಿಸಿಕೊಂಡವರೂ ಇತ್ತಿತ್ತಲಾಗಿ ಕಾಟ್ಲಾ, ರೋಹು, ಮೃಗಾಲ, ಸಾಮಾನ್ಯ ಗೆಂಡೆ ಈ ಮೀನುಗಳ ಮರಿಗಳನ್ನು ಬಿಡುತ್ತಿದ್ದಾರೆ. ಮರಿಗಳ ಬೆಲೆ ಅಲ್ಪ. ಬಲೆ, ಕಾವಲು, ಸಾಗಣೆ ಇವುಗಳ ಖರ್ಚು ಮಧ್ಯಮ. ಆಹಾರದ ಖರ್ಚಾದರೋ ಒಟ್ಟು ವೆಚ್ಚದ ಅರ್ಧದಷ್ಟು, ಎಷ್ಟೋ ಕಡೆಗೆ ಅರ್ಧವನ್ನೂ ಮೀರಿ ಹೋಗುವದು. ಆದಕಾರಣ ಈ ಉದ್ಯೋಗದಲ್ಲಿ ಲಾಭವೋ ಹಾನಿಯೋ ಎಂಬದು ಹಿಂಡಿಯ ಚೀಲದಲ್ಲಿಯೇ ನಿರ್ಣಯವಾಗುತ್ತದೆಂದು ಹೇಳಿದರೆ ತಪ್ಪಾಗಲಾರದು.

ಮೀನು ಸಾಕಿದವರಿಂದ ಸಾಮಾನ್ಯವಾಗಿ ಕೇಳಿಬರುವ ದೂರು ಒಂದೇ ಬಗೆಯದು. ಚೀಲಗಟ್ಟಲೆ ಹಿಂಡಿ ಹಾಕಿದ್ದಾಯಿತು, ಮೀನು ಬೆಳೆಯಲಿಲ್ಲ, ನೀರು ಮಾತ್ರ ಕಪ್ಪು-ಹಸುರಾಗಿ ನಾರತೊಡಗಿತು, ಮೋಡ ಕವಿದ ಒಂದು ನಸುಕಿನಲ್ಲಿ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಿಟ್ಟು ಸತ್ತವು. ಹಾಗಾದರೆ ಮೀನು ಹಿಂಡಿಯನ್ನು ತಿನ್ನದೆ ಬಿಟ್ಟಿತೇ? ಬಹುತೇಕ ಬಿಟ್ಟಿರುವದಿಲ್ಲ. ತಿಂದಿದೆ, ತಿಂದದ್ದು ಜೀರ್ಣವಾಗಿಲ್ಲ. ಬಾಯಿಗೆ ಹೋದದ್ದು ಬೇರೆ, ಮೈಗೂಡಿದ್ದು ಬೇರೆ. ಚೀಲದ ಮೇಲೆ ಅಚ್ಚು ಹಾಕಿದ ಪ್ರೋಟೀನಿನ ಅಂಕಿಯು ಮೊದಲನೆಯದನ್ನಷ್ಟೇ ಹೇಳುವದು. ಎರಡನೆಯದನ್ನು ತಿಳಿಯಬೇಕಾದರೆ ಮೀನಿನ ಒಡಲ ರಚನೆಯನ್ನು ತುಸು ಅರಿಯುವದು ಅವಶ್ಯ.

ಎತ್ತಿನ ಹೊಟ್ಟೆ ನಾಲ್ಕು ಕೋಣೆಗಳದು. ಮೊದಲಿನ ದೊಡ್ಡ ಕೋಣೆಯಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ವಾಸಿಸಿ, ತಿಂದ ಕಣಿಕೆ, ಹೊಟ್ಟು, ಹತ್ತಿಕಾಳಿನ ಸಿಪ್ಪೆ ಇವುಗಳ ನಾರನ್ನು ಹುಳಿಯಿಸಿ ಒಡೆದು ಎತ್ತಿಗೆ ಉಪಯೋಗವಾಗುವ ಸತ್ವವನ್ನಾಗಿ ಮಾಡಿಕೊಡುವವು. ಅದಕ್ಕೇ ಎತ್ತು ಒಣ ಕಣಿಕೆಯನ್ನು ತಿಂದೂ ನೇಗಿಲು ಎಳೆಯಬಲ್ಲದು. ಗೆಂಡೆಯ ಜಾತಿಗೆ ಸೇರಿದ ಮೀನುಗಳ ಸಂಗತಿ ಇದಕ್ಕೆ ತೀರ ವಿರುದ್ಧವಾಗಿದೆ. ಕಾಟ್ಲಾ, ರೋಹು, ಮೃಗಾಲ, ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ ಈ ಯಾವ ಮೀನಿಗೂ ಜಠರವೇ ಇಲ್ಲ. ದವಡೆಯಲ್ಲಿ ಹಲ್ಲೂ ಇಲ್ಲ. ಗಂಟಲಿನೊಳಗೆ ಇರುವ ಹಲ್ಲುಗಳಿಂದ ಆಹಾರವನ್ನು ತುಸು ಅರೆದು ನೇರವಾಗಿ ಕರುಳಿಗೆ ಇಳಿಸುವವು. ಮನುಷ್ಯನ ಜಠರದಲ್ಲಿರುವಂಥ ಹುಳಿರಸವಾಗಲಿ, ಆ ರಸದಲ್ಲಿ ಪ್ರೋಟೀನನ್ನು ಒಡೆಯುವ ಪೆಪ್ಸಿನ್ ಎಂಬ ಪಾಚಕದ್ರವ್ಯವಾಗಲಿ ಇವುಗಳಲ್ಲಿ ಇಲ್ಲ. ಪಿತ್ತರಸ, ಟ್ರಿಪ್ಸಿನ್ ಮೊದಲಾದ ಕರುಳಿನ ಪಾಚಕದ್ರವ್ಯಗಳು, ಪಿಷ್ಟವನ್ನು ಕರಗಿಸುವ ಅಮೈಲೇಸ್ ಇಷ್ಟರಿಂದಲೇ ಎಲ್ಲ ಕೆಲಸವೂ ಸಾಗಬೇಕು.

ಈ ಕೊರತೆಯನ್ನು ನಿಸರ್ಗವು ಕರುಳಿನ ಉದ್ದದಿಂದ ಒಂದಿಷ್ಟು ತುಂಬಿಕೊಟ್ಟಿದೆ. ಬೇರೆ ಮೀನುಗಳನ್ನು ನುಂಗಿ ಬದುಕುವ ಕೊರವ ಮೀನಿನ ಕರುಳು ಗಿಡ್ಡವಾಗಿದ್ದರೆ, ಸಾಮಾನ್ಯ ಗೆಂಡೆಯ ಕರುಳು ಮೈಯುದ್ದದ ಎರಡು-ಮೂರು ಪಟ್ಟು ಇರುವದು. ರೋಹು ಮೃಗಾಲಗಳ ಕರುಳಾದರೋ ಸುರುಳಿ ಬಿಚ್ಚಿ ಅಳೆದರೆ ಮೈಯುದ್ದದ ಅನೇಕ ಪಟ್ಟು ಆಗುವದು. ಆದುದರಿಂದ ಸಸ್ಯಜನ್ಯ ಆಹಾರವನ್ನು ಇವು ಚೆನ್ನಾಗಿಯೇ ಜೀರ್ಣಿಸಿಕೊಳ್ಳಬಲ್ಲವು. ಆದರೆ ನಾರನ್ನು ಒಡೆಯುವ ಶಕ್ತಿ ಮಾತ್ರ ಹೇಳಿಕೊಳ್ಳುವಷ್ಟು ಇಲ್ಲ. ಹುಲ್ಲನ್ನೇ ತಿನ್ನುವ ಹುಲ್ಲುಗೆಂಡೆಯು ಕೂಡ ಹುಲ್ಲಿನ ರಸವನ್ನು ಹೀರಿಕೊಂಡು, ತಿಂದದ್ದರಲ್ಲಿ ಸುಮಾರು ಅರ್ಧವನ್ನು ಹಿಕ್ಕೆಯಾಗಿ ನೀರಿಗೆ ಬಿಡುವದು. ಎತ್ತಿಗೆ ಸಲ್ಲುವದು ಮೀನಿಗೆ ಸಲ್ಲದೆಂಬದಕ್ಕೆ ಇದೇ ಮೂಲಕಾರಣ.

ಯಾವ ಆಹಾರವು ಎಷ್ಟು ಜೀರ್ಣವಾಗುವದೆಂಬದನ್ನು ಶೋಧಿಸುವ ರೀತಿಯೂ ಸ್ವಾರಸ್ಯದ್ದಾಗಿದೆ. ದನದ ಸಂಗತಿಯಲ್ಲಿ ತಿಂದ ಮೇವನ್ನೂ ಹಾಕಿದ ಸಗಣಿಯನ್ನೂ ತೂಗಿ ಕಳೆದರೆ ಲೆಕ್ಕವು ಸಿಕ್ಕುವದು. ಮೀನಿನ ಹಿಕ್ಕೆಯು ನೀರಿನಲ್ಲಿ ಚದುರಿ ಹೋಗುವದರಿಂದ ಅದನ್ನು ಪೂರ್ತಿಯಾಗಿ ಕೂಡಿಸುವದು ಅಸಾಧ್ಯ. ಆದಕಾರಣ ಶಾಸ್ತ್ರಜ್ಞರು ಕ್ರೋಮಿಕ್ ಆಕ್ಸೈಡ್ ಎಂಬ ಹಸುರು ಪುಡಿಯನ್ನು ಆಹಾರದಲ್ಲಿ ನೂರಕ್ಕೆ ಅರ್ಧದಿಂದ ಒಂದು ಪಾಲಿನಷ್ಟು ಬೆರೆಸುವರು. ಈ ಪುಡಿ ಜೀರ್ಣವಾಗುವದಿಲ್ಲ. ಎಷ್ಟು ಒಳಗೆ ಹೋಯಿತೋ ಅಷ್ಟೇ ಹೊರಗೆ ಬರುವದು. ಆಹಾರದಲ್ಲಿ ನೂರಕ್ಕೆ ೧ ಇದ್ದ ಪುಡಿಯು ಹಿಕ್ಕೆಯಲ್ಲಿ ನೂರಕ್ಕೆ ೪ ಕಂಡುಬಂದರೆ, ಆಹಾರದ ನಾಲ್ಕರಲ್ಲಿ ಮೂರು ಪಾಲು ಮೈಗೆ ಇಳಿದು ಒಂದು ಪಾಲು ಮಾತ್ರ ಹೊರಗೆ ಬಿದ್ದಿತೆಂದು ಅರ್ಥ. ಆಹಾರದಲ್ಲಿ ಪ್ರೋಟೀನು ನೂರಕ್ಕೆ ೩೦ ಇದ್ದು ಹಿಕ್ಕೆಯಲ್ಲಿ ೧೨ ಉಳಿದಿದ್ದರೆ, ಆ ಕಾಲುಭಾಗದ ಹಿಕ್ಕೆಯಲ್ಲಿ ಹೋದದ್ದು ೩ ಪಾಲು. ಜೀರ್ಣವಾದದ್ದು ೩೦ರಲ್ಲಿ ೨೭, ಅಂದರೆ ನೂರಕ್ಕೆ ೯೦. ಹಿಕ್ಕೆಯನ್ನು ಹೆಚ್ಚು ಹೊತ್ತು ನೀರಿನಲ್ಲಿ ಬಿಟ್ಟರೆ ಅದರ ಸತ್ವ ಕರಗಿ ಹೋಗಿ, ಜೀರ್ಣವಾಗದ್ದೂ ಜೀರ್ಣವಾದಂತೆ ತೋರುವದಾದ್ದರಿಂದ ಕೂಡಲೆ ಸಂಗ್ರಹಿಸಬೇಕಾಗುವದು. ಒಬ್ಬರ ಅಂಕಿಗೂ ಇನ್ನೊಬ್ಬರ ಅಂಕಿಗೂ ಅಂತರ ಬೀಳಲು ಇದೂ ಒಂದು ಕಾರಣ.

ನಮ್ಮ ರಾಜ್ಯದಲ್ಲಿ ೧೯೬೯ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಮೀನುಗಾರಿಕೆಯ ಕಾಲೇಜಿನಲ್ಲಿ ಈ ವಿಷಯದ ಶೋಧನವು ಬಹುಕಾಲದಿಂದ ನಡೆದಿದೆ. ಅಲ್ಲಿಯ ಡಾ. ಎಂ. ಸಿ. ನಂದೀಶರೂ ಅವರ ಸಂಗಡಿಗರೂ ಐದು ಆಹಾರವಸ್ತುಗಳ ಪ್ರೋಟೀನನ್ನೂ ಕೊಬ್ಬನ್ನೂ ಕಾಟ್ಲಾ ಮೀನು ಎಷ್ಟೆಷ್ಟು ಜೀರ್ಣಿಸಬಲ್ಲದೆಂಬದನ್ನು ಪರೀಕ್ಷಿಸಿ ೧೯೯೧ರಲ್ಲಿ ಪ್ರಕಟಿಸಿದರು. ಇಂಥ ಶೋಧನಗಳಿಂದ ತಿಳಿದುಬಂದ ಸಂಗತಿಗಳನ್ನು ಈ ನಾಲ್ಕು ತಾಲೂಕುಗಳ ಬೆಳೆಗಳಿಗೆ ಹೊಂದಿಸಿ ನೋಡಬಹುದಾಗಿದೆ.

ಶೇಂಗಾ ಹಿಂಡಿಗೆ ಮೊದಲಿನ ಸ್ಥಾನ ಸಲ್ಲುವದು. ಸಿಪ್ಪೆ ತೆಗೆದ ಕಾಳಿನ ಒಳ್ಳೆಯ ಹಿಂಡಿಯಲ್ಲಿ ನೂರಕ್ಕೆ ೪೦ರಿಂದ ೪೫ರಷ್ಟು ಪ್ರೋಟೀನು ಇದ್ದು, ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲಿನ ಸಮೀಪಕ್ಕೆ ಗೆಂಡೆಗಳು ಜೀರ್ಣಿಸಿಕೊಳ್ಳುವವು. ನಾರು ಕಡಿಮೆ, ರುಚಿಯೂ ಮೀನಿಗೆ ಒಗ್ಗುವದು. ದೋಷಗಳು ಎರಡು. ಮೈ ಬೆಳೆಯಲು ಬೇಕಾದ ಲೈಸಿನ್, ಮೆಥಿಯೋನಿನ್ ಎಂಬ ಅಂಶಗಳು ಇದರ ಪ್ರೋಟೀನಿನಲ್ಲಿ ಕಡಿಮೆಯಾಗಿರುವದು ಒಂದು, ಬೂಷ್ಟು ಇನ್ನೊಂದು. ಈ ಎರಡನೆಯದು ಬಹು ಘಾತುಕ. ಹಸಿ ನೆಲದ ಮೇಲೆ ಒಟ್ಟಿದ ಹಿಂಡಿಗೆ ಬೂಷ್ಟು ಹತ್ತಿ ಅಫ್ಲಾಟಾಕ್ಸಿನ್ ಎಂಬ ವಿಷವು ಹುಟ್ಟುವದು. ೧೯೬೦ರಲ್ಲಿ ಇಂಗ್ಲಂಡದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತು, ಅದಕ್ಕೆ ಬ್ರೆಝಿಲ್ ದೇಶದಿಂದ ಬಂದ ಬೂಷ್ಟು ಹಿಡಿದ ಶೇಂಗಾ ಹಿಂಡಿಯೇ ಕಾರಣವೆಂದು ಸಿದ್ಧವಾದಾಗಲೇ ಜಗತ್ತು ಈ ವಿಷವನ್ನು ಅರಿತದ್ದು. ಅದೇ ಸುಮಾರಿಗೆ ಅಮೇರಿಕೆಯಲ್ಲಿ ಸಾಕಿದ ಟ್ರೌಟ್ ಮೀನುಗಳ ಯಕೃತ್ತಿನಲ್ಲಿ ಗಂಟುಗಳು ಬೆಳೆದು ಸತ್ತದ್ದಕ್ಕೂ ಈ ವಿಷವು ಸೇರಿದ ಹತ್ತಿಕಾಳಿನ ಹಿಂಡಿಯೇ ಮೂಲವೆಂದು ಮುಂದೆ ಗೊತ್ತಾಯಿತು. ಗೆಂಡೆಗಳು ಟ್ರೌಟಿನಷ್ಟು ಸುಕುಮಾರವಲ್ಲವೆಂಬದು ನಿಜ. ಆದರೂ ದನಕ್ಕೆ ಹಾಕಲು ಬಾರದೆಂದು ಬಿಟ್ಟ ಬೂಷ್ಟು ಹಿಂಡಿಯನ್ನು ಕೆರೆಗೆ ಸುರಿಯುವ ಪದ್ಧತಿಯನ್ನು ಯಾರೂ ಇಟ್ಟುಕೊಳ್ಳಬಾರದು.

ಇನ್ನು ಹತ್ತಿಕಾಳಿನ ಹಿಂಡಿ. ಎರೆಭೂಮಿಯ ಬೈಲಹೊಂಗಲ, ಸವದತ್ತಿಗಳಲ್ಲಿ ಹತ್ತಿಯ ಬೆಳೆ ಹಳೆಯದು, ಹಿಂಡಿಯೂ ಅಗ್ಗ, ಎಮ್ಮೆಗೆ ಇದರಷ್ಟು ಹಿತವಾದ ಹಿಂಡಿ ಬೇರೊಂದಿಲ್ಲವೆಂಬ ನಂಬಿಗೆಯೂ ಗಟ್ಟಿಯಾಗಿದೆ. ಎಮ್ಮೆಯ ಮಟ್ಟಿಗೆ ಆ ನಂಬಿಗೆ ಸಕಾರಣವಾದದ್ದೇ. ಆದರೆ ಸಿಪ್ಪೆಸಹಿತ ಅರೆದ ಹಿಂಡಿಯಲ್ಲಿ ಪ್ರೋಟೀನು ನೂರಕ್ಕೆ ೨೨ರ ಆಸುಪಾಸು ಇದ್ದರೆ, ನಾರೂ ಸರಿಸುಮಾರು ಅಷ್ಟೇ ಇರುವದು. ಈ ನಾರು ಎಮ್ಮೆಗೆ ಆಹಾರ, ಮೀನಿಗೆ ಬರಿಯ ಹೊರೆ. ಅಷ್ಟೇ ಅಲ್ಲ, ನಾರು ಹೆಚ್ಚಾದಂತೆ ಆಹಾರವು ಕರುಳಿನಲ್ಲಿ ನಿಲ್ಲದೆ ಬೇಗ ಜಾರಿಹೋಗಿ, ಅದರ ಸಂಗಡ ಇರುವ ಒಳ್ಳೆಯ ಸತ್ವವೂ ಪೂರ್ತಿ ಜೀರ್ಣವಾಗದೆ ಹೊರಬೀಳುವದು. ಇದಲ್ಲದೆ ಹತ್ತಿಕಾಳಿನಲ್ಲಿ ಗಾಸಿಪಾಲ್ ಎಂಬ ಹಳದಿ ಬಣ್ಣದ ವಿಷದ್ರವ್ಯವುಂಟು. ಬೆಳೆದ ಎಮ್ಮೆ ಎತ್ತುಗಳ ದೊಡ್ಡ ಹೊಟ್ಟೆಯಲ್ಲಿ ಇದು ಬಹುಪಾಲು ಕಟ್ಟಿಹೋಗಿ ನಿರುಪದ್ರವಿಯಾಗುವದು. ಜಠರವೇ ಇಲ್ಲದ ಮೀನಿಗೆ ಆ ರಕ್ಷಣೆ ಇಲ್ಲ. ಗಿರಣಿಯಲ್ಲಿ ಬಿಸಿ ತಾಕಿದಾಗ ಗಾಸಿಪಾಲ್ ಹಿಂಡಿಯ ಪ್ರೋಟೀನಿಗೇ ಅಂಟಿಕೊಂಡು ವಿಷವು ಕಡಿಮೆಯಾಗುವದೇನೋ ಸರಿ. ಆದರೆ ಆಗ ಲೈಸಿನ್ ಎಂಬ ಅಂಶವನ್ನೂ ಅದು ಹಿಡಿದುಕೊಳ್ಳುವದರಿಂದ ಅಷ್ಟರ ಮಟ್ಟಿಗೆ ಪ್ರೋಟೀನೂ ನಿರುಪಯೋಗಿಯಾಗುವದು. ಸಿಪ್ಪೆ ತೆಗೆದ ಕಾಳಿನ ಹಿಂಡಿ ದೊರೆತರೆ ಮಿಶ್ರಣದಲ್ಲಿ ಹತ್ತಕ್ಕೆ ಒಂದು ಪಾಲಿನಷ್ಟು ಬೆರೆಸಬಹುದು. ಸಿಪ್ಪೆಸಹಿತವಾದದ್ದು ಕೊಟ್ಟಿಗೆಯಲ್ಲಿಯೇ ಇರಲಿ.

ಬೆಲೆಯ ಲೆಕ್ಕವನ್ನೂ ಇಲ್ಲಿಯೇ ಹೇಳಿಬಿಡುವದು ಉಚಿತ. ನೂರು ಕಿಲೋ ಶೇಂಗಾ ಹಿಂಡಿಯಲ್ಲಿ ಪ್ರೋಟೀನು ೪೨ ಕಿಲೋ. ಹತ್ತಕ್ಕೆ ಒಂಬತ್ತು ಪಾಲು ಜೀರ್ಣವಾದರೆ ಮೀನಿಗೆ ದೊರೆತದ್ದು ಸುಮಾರು ೩೮ ಕಿಲೋ. ನೂರು ಕಿಲೋ ಸಿಪ್ಪೆಸಹಿತ ಹತ್ತಿಕಾಳಿನ ಹಿಂಡಿಯಲ್ಲಿ ಪ್ರೋಟೀನು ೨೨ ಕಿಲೋ. ನಾಲ್ಕರಲ್ಲಿ ಮೂರು ಪಾಲು ಜೀರ್ಣವಾಯಿತೆಂದು ಉದಾರವಾಗಿ ಹಿಡಿದರೂ ದೊರೆತದ್ದು ೧೬ ಕಿಲೋ ಚಿಲ್ಲರೆ. ಅಂದರೆ ಶೇಂಗಾ ಹಿಂಡಿಯ ಚೀಲಕ್ಕೆ ಹತ್ತಿಕಾಳಿನ ಹಿಂಡಿಯ ಚೀಲದ ಎರಡು ಪಟ್ಟು ಬೆಲೆ ಕೊಟ್ಟರೂ ಮೀನು ಸಾಕುವವನಿಗೆ ಶೇಂಗಾ ಹಿಂಡಿಯೇ ಅಗ್ಗವಾಗಿ ಬೀಳುವದು. ಚೀಲದ ದರವನ್ನು ನೋಡಿ ಕೊಳ್ಳುವವನು ಸಿಪ್ಪೆಗೆ ಹಣ ಕೊಡುತ್ತಾನೆ. ಪೇಟೆಯಲ್ಲಿ ದರಗಳು ಏರಿಳಿಯುತ್ತಿರುವದರಿಂದ ಪ್ರತಿಸಾರಿ ಕೊಳ್ಳುವಾಗಲೂ ಈ ಭಾಗಾಕಾರವನ್ನು ಮಾಡಿ ನೋಡಬೇಕು.

ಸೂರ್ಯಪಾನ ಹಾಗೂ ಕುಸುಬಿಯ ಹಿಂಡಿಗಳಿಗೂ ಇದೇ ಮಾತು ಅನ್ವಯಿಸುವದು. ಸಿಪ್ಪೆಯೊಡನೆ ಅರೆದ ಕುಸುಬಿಯ ಹಿಂಡಿಯಲ್ಲಿ ಪ್ರೋಟೀನಿಗಿಂತ ನಾರೇ ಹೆಚ್ಚು. ಅಗಸೆಯ ಹಿಂಡಿಯು ಎತ್ತಿಗೆ ಎಷ್ಟೇ ಹೊಳಪು ಕೊಡಲಿ, ನೀರಿನಲ್ಲಿ ಅದರ ಲೋಳೆ ಬಿಟ್ಟುಕೊಂಡು ಮೀನಿಗೆ ಒಗ್ಗುವದಿಲ್ಲ. ಔಡಲ, ಬೇವು, ಹೊಂಗೆ, ಇಪ್ಪೆ ಇವುಗಳ ಹಿಂಡಿಗಳನ್ನು ಆಹಾರವೆಂದು ಎಂದಿಗೂ ಹಾಕಕೂಡದು. ಇಪ್ಪೆಯ ಹಿಂಡಿಯಂತೂ ಮೀನಿನ ನೇರ ವಿಷವೇ. ಮರಿಗಳನ್ನು ಬಿಡುವ ಮುಂಚೆ ಕೊಳದಲ್ಲಿರುವ ಬೇಡಾದ ಮೀನುಗಳನ್ನು ಕೊಲ್ಲಲು ಅದನ್ನು ಉಪಯೋಗಿಸುವ ರೂಢಿಯುಂಟು.

ಸೋಯಾಬೀನಿನ ವಿಷಯವು ತುಸು ವಿಸ್ತಾರವಾಗಿ ಹೇಳತಕ್ಕದ್ದು. ಯಾಕಂದರೆ ಬೈಲಹೊಂಗಲದ ಕಡೆಗೆ ಅದರ ಬಿತ್ತನೆಯು ಹೆಚ್ಚಾಗಿ, ಮನೆಯಲ್ಲಿ ಉಳಿದ ಕಾಳನ್ನು ಬೀಸಿ ಮೀನಿಗೆ ಹಾಕಿದರಾಯಿತೆಂಬ ಆಲೋಚನೆ ಸಹಜವಾಗಿಯೇ ಬರುವದು. ಗಿರಣಿಯಿಂದ ಬಂದ, ಎಣ್ಣೆ ತೆಗೆದು ಹುರಿದ ಸೋಯಾ ಹಿಂಡಿಯು ಉತ್ತಮವಾದದ್ದು: ಪ್ರೋಟೀನು ನೂರಕ್ಕೆ ೪೪ಕ್ಕೂ ಹೆಚ್ಚು, ಜೀರ್ಣವಾಗುವದೂ ಶೇಂಗಾ ಹಿಂಡಿಯ ಸರಿಸಮ, ಶೇಂಗೆಯಲ್ಲಿ ಕೊರತೆಯಾದ ಲೈಸಿನ್ ಇದರಲ್ಲಿ ಪುಷ್ಕಳ. ಹಸಿಯ ಕಾಳಿನ ಸಂಗತಿ ಹಾಗಲ್ಲ. ಟ್ರಿಪ್ಸಿನ್ ಎಂಬ ಪಾಚಕದ್ರವ್ಯವನ್ನು ಕಟ್ಟಿಹಾಕುವ ಒಂದು ಅಂಶವು ಹಸಿ ಸೋಯಾಬೀನಿನಲ್ಲಿ ಇದೆ. ಜಠರವಿದ್ದ ಪ್ರಾಣಿಗೆ ಪೆಪ್ಸಿನ್ನಿನ ಸಹಾಯವಾದರೂ ಉಂಟು. ಗೆಂಡೆಗೆ ಟ್ರಿಪ್ಸಿನ್ ಮತ್ತು ಅದರ ಬಳಗದ ಹೊರತು ಗತಿಯಿಲ್ಲವೆಂಬದನ್ನು ಮೇಲೆ ಹೇಳಿದೆ. ಹೀಗಾಗಿ ಹಸಿ ಸೋಯಾ ಹಿಟ್ಟನ್ನು ತಿಂದ ಮೀನು, ಅದರ ಸಂಗಡ ತಿಂದ ಶೇಂಗಾ ಹಿಂಡಿಯನ್ನೂ ಜೀರ್ಣಿಸಲಾರದೆ ಹೋಗುವದು. ಕಾಳನ್ನು ನೆನೆಯಿಟ್ಟು ಚೆನ್ನಾಗಿ ಕುದಿಸಿದರೆ ಇಲ್ಲವೆ ಹುರಿದು ಬೀಸಿದರೆ ಈ ದೋಷವು ಬಹುಮಟ್ಟಿಗೆ ನಾಶವಾಗುವದು. ಅತಿಯಾಗಿ ಕರಕಾಗುವಂತೆ ಹುರಿದರೆ ಪ್ರೋಟೀನೇ ಸುಟ್ಟು ಕೆಡುವದೆಂಬದನ್ನೂ ಲಕ್ಷ್ಯದಲ್ಲಿಡಬೇಕು.

ಕಿತ್ತೂರಿನ ಕಡೆಗೆ ಮಳೆ ಹೆಚ್ಚು, ಬತ್ತದ ಬೆಳೆಯುಂಟು. ಅದರಿಂದ ತೌಡು ಸುಲಭವಾಗಿ ದೊರೆಯುವದು. ಒಳ್ಳೆಯ ತೌಡಿನಲ್ಲಿ ಪ್ರೋಟೀನು ನೂರಕ್ಕೆ ೧೩ರ ಸುಮಾರು, ಎಣ್ಣೆ ನೂರಕ್ಕೆ ೧೫ರ ಮೇಲೆ. ಪ್ರೋಟೀನಿನ ಏಳು ಪಾಲು ಜೀರ್ಣವಾಗಿ ಮೂರು ಪಾಲು ಹೋದೀತು. ಆದರೆ ಹಳ್ಳಿಯ ಹಳೆಯ ತರದ ಹಲ್ಲರ್ ಗಿರಣಿಯಲ್ಲಿ ಸಿಪ್ಪೆಯೂ ತೌಡೂ ಕೂಡಿಯೇ ಬರುವದರಿಂದ ಅದರಲ್ಲಿ ಹೊಟ್ಟೇ ಬಹಳ. ಬತ್ತದ ಹೊಟ್ಟಿನಲ್ಲಿರುವದು ನಾರು ಮತ್ತು ಮರಳಿನಂಥ ಅಂಶ. ಎತ್ತಿಗೂ ಅದು ನಿರುಪಯೋಗಿ. ಹಿಡಿ ತೌಡನ್ನು ನೀರಿನ ಪಾತ್ರೆಯಲ್ಲಿ ಕದಡಿ ನೋಡಿದರೆ ಹೊಟ್ಟು ಬೇರೆಯಾಗಿ ಕಾಣುವದು. ಹೊಸ ತೌಡಿನ ಎಣ್ಣೆಯು ಕೆಲವು ವಾರಗಳಲ್ಲಿಯೇ ಕಮಟಾಗುವದರಿಂದ ಹದಿನೈದು ದಿವಸಕ್ಕೆ ಬೇಕಾದಷ್ಟನ್ನೇ ತರುವದು ಲೇಸು. ಎಣ್ಣೆ ತೆಗೆದ ತೌಡು ಹೆಚ್ಚು ಕಾಲ ಬಾಳುವದು. ಆಂಧ್ರದ ಕೊಲ್ಲೇರು ಸರೋವರದ ಸುತ್ತಲಿನ ವಿಸ್ತಾರವಾದ ಮೀನುಗೊಳಗಳು ಬಹುವಾಗಿ ಈ ಎಣ್ಣೆ ತೆಗೆದ ತೌಡಿನ ಮೇಲೆಯೇ ನಡೆದು ಬಂದಿವೆ.

ತೌಡಿನಲ್ಲಿಯೂ ಹಿಂಡಿಗಳಲ್ಲಿಯೂ ಎಲುಬು ಬೆಳೆಯಲು ಬೇಕಾದ ರಂಜಕವು ಬೇಕಾದಷ್ಟು ಇರುವದು. ಆದರೆ ಅದರ ಬಹುಭಾಗವು ಫೈಟೇಟ್ ಎಂಬ ಬಂಧನದಲ್ಲಿ ಸಿಕ್ಕಿಕೊಂಡಿದ್ದು ಗೆಂಡೆಗಳಿಗೆ ದಕ್ಕುವದಿಲ್ಲ. ಒಣಮೀನಿನ ಪುಡಿಯ ಎಲುಬಿನಲ್ಲಿರುವ ರಂಜಕವನ್ನು ಕರಗಿಸಲು ಹುಳಿರಸ ಬೇಕು, ಅದೂ ಇವಕ್ಕಿಲ್ಲ. ಸಾಮಾನ್ಯ ಗೆಂಡೆಯು ಅದರಲ್ಲಿ ಕಾಲುಭಾಗದಷ್ಟನ್ನು ಮಾತ್ರ ಹೀರಿಕೊಂಡಿತೆಂದು ಜಪಾನದ ಶೋಧನಗಳಿಂದ ತಿಳಿದಿದೆ. ಆದಕಾರಣ ನೂರು ಕಿಲೋ ಮಿಶ್ರಣಕ್ಕೆ ಒಂದು ಕಿಲೋದಷ್ಟು, ಕರಗುವ ರಂಜಕವುಳ್ಳ ಖನಿಜಮಿಶ್ರಣವನ್ನು ಕೂಡಿಸುವದು ಯೋಗ್ಯ.

ಜೋಳ ಹಾಗೂ ಗೋವಿನಜೋಳಗಳು ಶಕ್ತಿಯನ್ನು ಕೊಡುವವು. ಪಿಷ್ಟವನ್ನು ಜೀರ್ಣಿಸುವದರಲ್ಲಿ ಗೆಂಡೆಗಳು ಮಾಂಸಾಹಾರಿ ಮೀನುಗಳಿಗಿಂತ ಎಷ್ಟೋ ಸಮರ್ಥವಾದವು. ಆದರೂ ಹಸಿ ಪಿಷ್ಟಕ್ಕೂ ಬೇಯಿಸಿದ ಪಿಷ್ಟಕ್ಕೂ ಅಂತರವುಂಟು. ಸವದತ್ತಿಯ ಕಾಲುವೆಯ ಕಡೆಗೆ ಗೋವಿನಜೋಳವನ್ನು ಬರಿಯ ಒಡೆದು ಕೊಳಕ್ಕೆ ಚೆಲ್ಲುವದುಂಟು. ಹಾಗೆ ತಿಂದ ಮೀನಿನ ಕರುಳನ್ನು ಕೊಯ್ದು ನೋಡಿದರೆ ಕೊನೆಯ ತನಕ ನುಚ್ಚು ನುಚ್ಚಾಗಿಯೇ ಇರುವದು. ಸಣ್ಣಗೆ ಬೀಸಿ ಅಂಬಲಿಯಂತೆ ಕುದಿಸಿ, ಅದರಲ್ಲಿಯೇ ಹಿಂಡಿ ತೌಡುಗಳನ್ನು ಕಲಸಿದರೆ ಪಿಷ್ಟವೂ ಜೀರ್ಣವಾಗುವದು, ಉಂಡೆಯೂ ನೀರಿನಲ್ಲಿ ಬೇಗ ಒಡೆಯುವದಿಲ್ಲ. ಕೆಂಪು ಬಣ್ಣದ ಜೋಳದ ಕೆಲವು ಜಾತಿಗಳಲ್ಲಿ ಒಗರು ಇದ್ದು, ಆ ಒಗರು ಪ್ರೋಟೀನಿಗೆ ಅಂಟಿಕೊಂಡು ಜೀರ್ಣಕ್ಕೆ ಅಡ್ಡಿಯಾಗುವದು. ರಾಮದುರ್ಗದ ಹಿಂಗಾರಿಯ ಬಿಳಿಜೋಳಕ್ಕೆ ಈ ಆಕ್ಷೇಪವಿಲ್ಲ. ಆದರೆ ಮನುಷ್ಯರ ರೊಟ್ಟಿಯ ಕಾಳನ್ನು ಮೀನಿಗೆ ಹಾಕಲು ಯಾರೂ ಮುಂದಾಗಲಿಕ್ಕಿಲ್ಲ.

ಮಿಶ್ರಣದ ಒಂದು ಮಾದರಿ ಹೀಗಿದೆ: ಶೇಂಗಾ ಹಿಂಡಿ ನಾಲ್ಕು ಪಾಲು, ಹೊಟ್ಟಿಲ್ಲದ ತೌಡು ನಾಲ್ಕು ಪಾಲು, ಹುರಿದ ಸೋಯಾ ಹಿಂಡಿ ಒಂದು ಪಾಲು, ಕುದಿಸಿದ ಗೋವಿನಜೋಳದ ಹಿಟ್ಟು ಒಂದು ಪಾಲು. ಇದರಲ್ಲಿ ಪ್ರೋಟೀನು ನೂರಕ್ಕೆ ೨೭ರಷ್ಟು ಆಗುವದು. ಕೆರೆಯಲ್ಲಿ ಸಹಜವಾಗಿ ಹುಟ್ಟುವ ಸೂಕ್ಷ್ಮಜೀವಿಗಳನ್ನೂ ತಿನ್ನುವ ಗೆಂಡೆಗಳಿಗೆ ಇದು ಸಾಕು. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡದಲ್ಲಿ ಮಣ್ಣಿನ ಸಂಪರ್ಕವಿಲ್ಲದೆ ಇಂಥ ಸಹಜ ಆಹಾರವು ಕಡಿಮೆ. ಅಲ್ಲಿ ಹಾಕಿದ ಆಹಾರದ ಗುಣವೇ ಸರ್ವಸ್ವವಾಗುವದು. ದಿನಾಲು ಒಂದೇ ಪ್ರಮಾಣದ ಪ್ರೋಟೀನು ಕೊಡಬೇಕೆಂಬದೂ ಇಲ್ಲ. ಮೀನಿನ ಜೀರ್ಣಶಕ್ತಿಯು ದಿನದಿಂದ ದಿನಕ್ಕೆ ಏರಿಳಿಯುವದನ್ನು ಶ್ರೀಲಂಕೆಯ ಪ್ರಾಧ್ಯಾಪಕ ಸೇನ ಡಿ ಸಿಲ್ವರು ೧೯೮೫ರಲ್ಲಿ ಎತ್ತಿ ತೋರಿಸಿದರು. ಮುಂದೆ ಅವರೂ ನಂದೀಶರೂ ಕೂಡಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಗಳ ಮೇಲೆ ನಡಿಸಿದ ಪ್ರಯೋಗಗಳಲ್ಲಿ, ಪ್ರೋಟೀನು ಹೆಚ್ಚಾದ ಆಹಾರದ ದಿನಗಳ ನಡುವೆ ಪ್ರೋಟೀನು ಕಡಿಮೆಯಾದ ಆಹಾರದ ದಿನಗಳನ್ನು ಸೇರಿಸಿದರೂ ಬೆಳವಣಿಗೆ ಕುಂದದೆ ಖರ್ಚು ಉಳಿಯಬಲ್ಲದೆಂದು ಕಂಡುಬಂದಿತು. ವಾರದಲ್ಲಿ ಒಂದೆರಡು ದಿವಸ ತೌಡಿನದೇ ಹೆಚ್ಚು ಪಾಲನ್ನು ಹಾಕಿ ಪರೀಕ್ಷಿಸಲು ಅಡ್ಡಿಯಿಲ್ಲ.

ಜೀರ್ಣವಾಗದ ಹಿಂಡಿಯು ಕೆರೆಗೆ ಗೊಬ್ಬರವಾಯಿತಲ್ಲ, ವ್ಯರ್ಥ ಹೇಗಾಯಿತು ಎಂದು ಕೆಲವರು ಕೇಳುವರು. ಗೊಬ್ಬರವೇ ಬೇಕಾಗಿದ್ದರೆ ಕೊಟ್ಟಿಗೆಯ ಸಗಣಿ ಇದೆ. ಹಿಂಡಿಯ ಬೆಲೆ ತೆತ್ತು ಗೊಬ್ಬರ ಹಾಕುವದು ಯಾವ ಒಕ್ಕಲುತನ? ಅದಕ್ಕಿಂತ ದೊಡ್ಡ ಸಂಗತಿ ಬೇರೆ ಇದೆ. ತಳದಲ್ಲಿ ಕೂತ ಹಿಕ್ಕೆಯೂ ಉಳಿದ ಆಹಾರವೂ ಕೊಳೆಯುವಾಗ ನೀರಿನಲ್ಲಿ ಕರಗಿದ ಪ್ರಾಣವಾಯುವನ್ನು ಹೀರಿ ಅಮೋನಿಯಾವನ್ನು ಬಿಡುವವು. ರಂಜಕವು ಸೇರಿ ಪಾಚಿ ಹಬ್ಬುವದು. ಹಗಲಿನಲ್ಲಿ ಬಿಸಿಲಿಗೆ ಪಾಚಿಯು ಪ್ರಾಣವಾಯುವನ್ನು ಕೊಡುವದಾದರೂ ರಾತ್ರಿಯಲ್ಲಿ ಅದೇ ಹೀರಿಕೊಳ್ಳುವದು. ಹಿಂದಿನ ದಿವಸ ಮೋಡವಿದ್ದರೆ ಗಳಿಕೆಯೇ ಇಲ್ಲದೆ ವೆಚ್ಚ ಮಾತ್ರ ನಡೆದು ನಸುಕಿನ ಹೊತ್ತಿಗೆ ಪ್ರಾಣವಾಯು ತೀರುವದು. ಶ್ರಾವಣದ ಮೋಡದಲ್ಲಿಯೂ ಮುಂಗಾರಿನ ಮೊದಲಲ್ಲಿಯೂ ಮೀನುಗಳು ರಾತ್ರೋರಾತ್ರಿ ಸಾಯ್ವದು ಇದರಿಂದಲೇ. ಯಾರೋ ವಿಷ ಹಾಕಿದರೆಂದು ಊರಲ್ಲಿ ಜಗಳ ಹುಟ್ಟುವದೂ, ಠಾಣೆಯ ತನಕ ಹೋಗುವದೂ ಉಂಟು. ಊರ ಹಿರಿಯರು ಅಂಥ ಪ್ರಸಂಗದಲ್ಲಿ ನೆರೆಯವರನ್ನು ಸಂಶಯಿಸುವದಕ್ಕೆ ಮುಂಚೆ, ಹಿಂದಿನ ಎಂಟು ದಿವಸ ಕೆರೆಗೆ ಬಿದ್ದ ಹಿಂಡಿ ಎಷ್ಟು, ಯಾವದು ಎಂದು ವಿಚಾರಿಸುವದು ಒಳ್ಳೆಯದು.

ಆಹಾರ ಹಾಕುವ ಕ್ರಮವು ಕಠಿಣವಾದದ್ದೇನೂ ಅಲ್ಲ. ಹಿಂಡಿಯನ್ನು ಹಿಂದಿನ ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಬಿಸಿಲೇರಿ ನೀರಿಗೆ ಪ್ರಾಣವಾಯು ಕೂಡಿದ ಮೇಲೆ, ಒಂಬತ್ತು ಹತ್ತು ಗಂಟೆಯ ಸುಮಾರಿಗೆ ನಿಶ್ಚಿತವಾದ ಸ್ಥಳದಲ್ಲಿ ಕೊಡಬೇಕು. ಮರಿಗಳು ಚಿಕ್ಕವಿದ್ದಾಗ ನೀರಿನಲ್ಲಿರುವ ಮೀನಿನ ಒಟ್ಟು ತೂಕದ ನೂರಕ್ಕೆ ನಾಲ್ಕೈದು, ಬೆಳೆದಂತೆ ನೂರಕ್ಕೆ ಎರಡು ಇಷ್ಟರ ಮೇಲೆ ಹೋಗಬಾರದು. ಆಂಧ್ರದವರಂತೆ ತೂತು ಮಾಡಿದ ಚೀಲದಲ್ಲಿ ತುಂಬಿ ಗಳಕ್ಕೆ ಕಟ್ಟಿ ಇಳಿಬಿಟ್ಟರೆ ಮೀನುಗಳು ತೂತಿನಿಂದ ಎಳೆದು ತಿನ್ನುವವು. ತಿನ್ನದೆ ಉಳಿದದ್ದು ಚೀಲದಲ್ಲಿಯೇ ಕಾಣುವದು. ಎರಡು ತಾಸಿನ ಮೇಲೆ ಉಳಿದರೆ ಮರುದಿನ ಅಷ್ಟನ್ನು ಕಡಿಮೆ ಮಾಡಬೇಕು. ತಿಂಗಳಿಗೊಮ್ಮೆ ಬಲೆ ಎಳೆದು ಇಪ್ಪತ್ತು ಮೂವತ್ತು ಮೀನುಗಳನ್ನು ತೂಗಿ, ಹಾಕಿದ ಆಹಾರಕ್ಕೂ ಹೆಚ್ಚಿದ ತೂಕಕ್ಕೂ ತಾಳೆ ನೋಡುವದು ಸಾಕು. ಪ್ರಯೋಗಶಾಲೆಯ ಹಸುರು ಪುಡಿ ಬೇಕಿಲ್ಲ. ಒಂದು ಕಿಲೋ ಮೀನು ಹೆಚ್ಚಲು ಎರಡು ಮೂರು ಕಿಲೋ ಆಹಾರ ಹಿಡಿದರೆ ಸರಿ. ಐದು ಕಿಲೋ ಹಿಡಿದರೆ ಚೀಲದಲ್ಲಿ ಸಿಪ್ಪೆ ಇದೆಯೆಂದೋ, ಹಾಕುವದು ಹೆಚ್ಚಾಗಿದೆಯೆಂದೋ ತಿಳಿಯಬೇಕು. ಯೂರಿಯಾ ಬೆರೆಸಿದ ಹಿಂಡಿಯಲ್ಲಿ ಪ್ರೋಟೀನಿನ ಅಂಕಿಯು ಪರೀಕ್ಷೆಯಲ್ಲಿ ಏರಿ ಕಂಡರೂ ಮೀನಿಗೆ ಅದರಿಂದ ಕಿಂಚಿತ್ತೂ ಉಪಯೋಗವಿಲ್ಲ. ಆ ಮೋಸವೂ ಈ ತೂಕದಲ್ಲಿಯೇ ಬಯಲಾಗುವದು. ಸಂಶಯವಿದ್ದವರು ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದ ಕೃಷಿವಿಜ್ಞಾನ ಕೇಂದ್ರದವರನ್ನು ಇಲ್ಲವೆ ತಾಲೂಕಿನ ಮೀನುಗಾರಿಕೆಯ ಅಧಿಕಾರಿಗಳನ್ನು ಕಂಡು ಸಲಹೆ ಪಡೆಯಬಹುದು.

ಮೀನಿನ ಮೈಯ ಬಿಸಿ ನೀರಿನ ಬಿಸಿಯೇ ಆಗಿರುವದರಿಂದ ಋತುವನ್ನು ಮರೆಯುವಂತಿಲ್ಲ. ಮಾರ್ಗಶೀರ್ಷ-ಪುಷ್ಯಗಳ ಚಳಿಯಲ್ಲಿ ನೀರು ೨೦ ಡಿಗ್ರಿ ಸೆಲ್ಸಿಯಸಿನ ಸಮೀಪಕ್ಕೆ ಇಳಿದಾಗ ಪಾಚಕರಸಗಳ ಕೆಲಸ ಮಂದವಾಗುವದು. ಆಗ ಆಹಾರವನ್ನು ಅರ್ಧಕ್ಕೆ ಇಳಿಸಿ, ಮಧ್ಯಾಹ್ನದ ಹೊತ್ತಿಗೆ ಕೊಡಬೇಕು. ಬೇಸಿಗೆಯಲ್ಲಿ ಇದಕ್ಕೆ ವಿರುದ್ಧವಾಗಿ ಹಸಿವೆಯೂ ಜೀರ್ಣಶಕ್ತಿಯೂ ಹೆಚ್ಚುವವು, ಆದರೆ ನೀರೇ ಕಡಿಮೆಯಾಗುವದು. ರಾಮದುರ್ಗ, ಸವದತ್ತಿಗಳ ಒಣ ಭಾಗದ ಕೆರೆಗಳಲ್ಲಿ ಚೈತ್ರದ ಹೊತ್ತಿಗೆ ಮೊಣಕಾಲುದ್ದ ನೀರು ಉಳಿದು, ಊರ ದನಗಳು ಅದನ್ನೇ ಕುಡಿಯಬೇಕಾಗುವದು. ಅಂಥ ಕೆರೆಯನ್ನು ಗುತ್ತಿಗೆ ಕೊಡುವಾಗ ಪಂಚಾಯತಿಯವರು ಕರಾರಿನಲ್ಲಿ ನೀರಿನ ಒಂದು ಗುರುತನ್ನು ಕಲ್ಲಿನ ಮೇಲೆ ಕೊರೆಯಿಸಿ, ನೀರು ಆ ಗುರುತಿಗಿಂತ ಕೆಳಗಿಳಿದ ದಿವಸದಿಂದ ಹಿಂಡಿ ಹಾಕುವದನ್ನು ನಿಲ್ಲಿಸಿ ದೊಡ್ಡ ಮೀನುಗಳನ್ನು ಹಿಡಿದು ಮಾರತಕ್ಕದ್ದೆಂಬ ಷರತ್ತನ್ನು ಬರೆಯಿಸಿಕೊಳ್ಳಬೇಕು.